ಫಲಕದಣ್ಣನ ಹೆಸರಿಲ್ಲದ ಬಾಟಲಿಗಳು

ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಅಂಥದೊಂದು ಬಾಟಲಿ ಇರುತ್ತದೆ. ಬಚ್ಚಲಿನ ಮೂಲೆಯಲ್ಲೋ, ಮೆಟ್ಟಿಲಿನ ಕೆಳಗೋ, ಹಿತ್ತಿಲ ಕಿಟಕಿಯ ಮೇಲೋ. ಒಳಗೆ ಏನೋ ಇದೆ, ಹೊರಗೆ ಏನೂ ಬರೆದಿಲ್ಲ. ಅದರಲ್ಲಿ ಏನಿದೆ ಎಂದು ಕೇಳಿದರೆ, "ಅದಾ? ಆಸಿಡ್ಡು, ಮುಟ್ಬೇಡ" ಎನ್ನುತ್ತಾರೆ. ಯಾವ ಆಸಿಡ್ ಎಂದು ಕೇಳಿದರೆ ಮನೆಯವರೆಲ್ಲ ಸುಮ್ಮನಾಗುತ್ತಾರೆ.

ಫಲಕದಣ್ಣನ ಮನೆಯಲ್ಲಿ ಅಂಥ ಬಾಟಲಿಗಳು ನಾಲ್ಕಿದ್ದವು.

ಫಲಕದಣ್ಣ ಪಿತ್ತಳೆಯ ನಾಮಫಲಕ ಮಾಡುವವನು. ಆ ಬೀದಿಯ ಬಾಗಿಲುಗಳ ಮೇಲಿರುವ ಹೆಸರುಗಳಲ್ಲಿ ಮುಕ್ಕಾಲು ಪಾಲು ಅವನ ಕೈಯವು. ತಗಡಿನ ಮೇಲೆ ತೆಳ್ಳಗೆ ಮೇಣ ಬಳಿಯುತ್ತಾನೆ. ಅಕ್ಷರ ಬರಬೇಕಾದ ಜಾಗದ ಮೇಣವನ್ನಷ್ಟೇ ಚೂಪಾದ ಕಡ್ಡಿಯಿಂದ ಕೆರೆದು ತೆಗೆಯುತ್ತಾನೆ. ಆಮೇಲೆ ತಗಡನ್ನು ಆಸಿಡ್ಡಿನ ತಟ್ಟೆಯಲ್ಲಿ ಮುಳುಗಿಸುತ್ತಾನೆ. ಮೇಣ ಇದ್ದಲ್ಲಿ ಪಿತ್ತಳೆ ಉಳಿಯುತ್ತದೆ, ಇಲ್ಲದಲ್ಲಿ ಆಸಿಡ್ ಅದನ್ನು ತಿನ್ನುತ್ತದೆ. ಮೇಣ ಒರೆಸಿದಾಗ ಹೆಸರು ಆಳವಾಗಿ ಕೂತಿರುತ್ತದೆ.

ಊರಿಗೆಲ್ಲ ಹೆಸರು ಬರೆದುಕೊಡುವ ಈ ಮನುಷ್ಯ ತನ್ನ ಬಾಟಲಿಗಳ ಮೇಲೆ ಒಂದಕ್ಷರವನ್ನೂ ಬರೆದವನಲ್ಲ. ನಾಲ್ಕೂ ಹಣ್ಣಿನ ರಸ ಬಂದಿದ್ದ ಒಂದೇ ಬಗೆಯ ಗಾಜಿನ ಬಾಟಲಿಗಳು. ನಾಲ್ಕರಲ್ಲೂ ನೀರಿನ ಹಾಗೇ ಕಾಣುವ ದ್ರವ. ಪಿತ್ತಳೆ ತಿನ್ನಿಸುವುದರ ಕೊರಳಿಗೆ ಕೆಂಪು ದಾರ. ಕಾಯಿಸಿದ ತಗಡಿನ ಕಪ್ಪು ತೆಗೆಯುವುದಕ್ಕೆ ನೀಲಿ ದಾರ. ಬಚ್ಚಲಿನ ಕಲೆಗೆ ಹಳದಿ ದಾರ. ದಾರವಿಲ್ಲದ್ದು ಅಮ್ಮನ ಅಡುಗೆಮನೆಯ ವಿನೆಗರ್. ತಗಡಿಗೆ ಹೊಳಪು ಕೊಡಲು ಹಿಂದಿನ ವಾರ ಅವನೇ ಎತ್ತಿಕೊಂಡು ಬಂದು ವಾಪಸು ಕೊಡಲು ಮರೆತಿದ್ದ.

"ಒಂದು ಚೀಟಿ ಅಂಟಿಸ್ರೀ" ಎಂದು ಹೆಂಡತಿ ಹೇಳದ ವರ್ಷವಿಲ್ಲ.

"ಯಾರಿಗೆ? ನನಗೆ ಗೊತ್ತು, ಬಾಟಲಿಗೂ ಗೊತ್ತು. ಇಪ್ಪತ್ತೈದು ವರ್ಷದಿಂದ ನಡೀತಿದೆ" ಎನ್ನುತ್ತಿದ್ದ ಫಲಕದಣ್ಣ.

ಆ ಭಾನುವಾರ ಮಧ್ಯಾಹ್ನದ ಊಟಕ್ಕೆ ಅವನ ತಂಗಿ ಬರುವವಳಿದ್ದಳು. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಸಹಾಯಕಿ. ಬೀದಿಯವರೆಲ್ಲ ಅವಳನ್ನು ಲ್ಯಾಬಕ್ಕ ಎಂದೇ ಕರೆಯುತ್ತಾರೆ. ಮಗಳು ಬರುತ್ತಾಳೆಂದು ಅಮ್ಮನಿಗೆ ಹುರುಪು ಬಂತು. ಮೂರು ದಿನದಿಂದ ನೆಗಡಿಯಾಗಿ ಮೂಗು ಕಟ್ಟಿದ್ದರೂ ಬಟ್ಟೆ, ಬಕೆಟ್ಟು ಹಿಡಿದು ಮಗನ ಕೆಲಸದ ಕೋಣೆಗೆ ನುಗ್ಗಿದಳು. ಫಲಕದಣ್ಣ ಮೇಣ ತರಲು ಹೊರಗೆ ಹೋಗಿದ್ದ.

ಅವನು ಬಾಗಿಲಲ್ಲಿ ಸಿಕ್ಕಿದ ತಂಗಿಯನ್ನೂ ಕರೆದುಕೊಂಡು ಒಳಗೆ ಬಂದಾಗ ಕೋಣೆ ಪಳಪಳ ಎನ್ನುತ್ತಿತ್ತು. ಮೇಜಿನ ಮೇಲೆ ಮೇಣ ಬಳಿದ ದೊಡ್ಡ ತಗಡು ಹಾಗೇ ಇತ್ತು. ಎಂಟು ದಿನ ಕೂತು ಕೆರೆದ ಕೆಲಸ ಅದು. ಬುಧವಾರ ತೆರೆಯಲಿದ್ದ ಹೊಸ ಗ್ರಂಥಾಲಯದ ಓದುವ ಕೋಣೆಗೆ ಹೋಗಬೇಕಾದ ಫಲಕ. ಅದರಲ್ಲಿದ್ದದ್ದು ಎರಡೇ ಪದ: ದಯವಿಟ್ಟು ಮೌನ.

ಫಲಕದಣ್ಣ ಬಾಟಲಿಗಳನ್ನಿಡುವ ಗೋಡೆಯ ಹಲಗೆಯ ಕಡೆ ನೋಡಿದ. ಬಾಟಲಿಗಳು ಮಿರುಗುತ್ತಿದ್ದವು. ಒಂದರ ಕೊರಳಲ್ಲೂ ದಾರವಿರಲಿಲ್ಲ.

"ಅಮ್ಮಾ, ಇಲ್ಲಿದ್ದ ದಾರ ಎಲ್ಲಿ?"

ಅಡುಗೆಮನೆಯಿಂದ ಕಟ್ಟಿದ ಮೂಗಿನ ದನಿ ಬಂತು. "ಆ ಕೊಳಕು ದಾರಾನಾ? ಕಸಕ್ಕೆ ಹಾಕ್ದೆ. ಇರುವೆ ಹತ್ತಬಾರದು ಅಂತ ಕಟ್ಟಿದ್ದೀಯೇನೋ ಅಂದ್ಕೊಂಡೆ. ಇರುವೆಗೆ ಬಣ್ಣದ ದಾರ ಯಾಕೋ ನಿನಗೆ?"

ಹೆಂಡತಿ ಬಾಗಿಲಿಗೆ ಒರಗಿ ನಿಂತಳು. "ಈಗ ಬಾಟಲಿಗಳನ್ನೇ ಕೇಳ್ರೀ. ಅವಕ್ಕೆ ಗೊತ್ತಲ್ವಾ."

ಫಲಕದಣ್ಣ ಅವಳ ಕಡೆ ನೋಡದೆ ತಂಗಿಯ ಕಡೆ ತಿರುಗಿದ. ಅವನ ಮುಖದಲ್ಲಿ ಗೆಲುವೇ ಇತ್ತು. "ಒಳ್ಳೇ ಹೊತ್ತಿಗೆ ಬಂದೆ ನೋಡು. ಮೇಡಮ್ಮೋರೇ, ಒಂದ್ಸಲ ಮೂಸಿ ನೋಡಿ ಯಾವುದು ಯಾವುದು ಅಂತ ಹೇಳ್ಬಿಡಿ. ಇಪ್ಪತ್ತೈದು ವರ್ಷ ಈ ಹೊಗೇಲಿ ಕೂತು ನನ್ನ ಮೂಗು ಸತ್ತೇ ಹೋಗಿದೆ."

"ಗೊತ್ತಿಲ್ಲ" ಎಂದಳು ಲ್ಯಾಬಕ್ಕ.

"ಇನ್ನೂ ಮೂಸೇ ಇಲ್ಲ ನೀನು."

"ಮೂಸೋದೂ ಇಲ್ಲ. ನಿನ್ನ ಮೂಗು ಯಾಕೆ ಸತ್ತಿತು ಅಂತ ನೀನೇ ಹೇಳ್ದೆಯಲ್ಲ."

"ಹದಿನೆಂಟು ವರ್ಷ ಲ್ಯಾಬಲ್ಲಿ ಏನು ಕಲ್ತೆ ಹಾಗಾದ್ರೆ?"

"ಹೆಸರಿಲ್ಲದ ಬಾಟಲಿ ಕಂಡ್ರೆ ಗೊತ್ತಿಲ್ಲ ಅನ್ನೋದನ್ನ ಕಲ್ತೆ, ಅಣ್ಣ."

ತಿಳಿದವರ ಬಾಯಿಂದ ಬರುವ 'ಗೊತ್ತಿಲ್ಲ' ಎಂಬ ಮಾತಿಗೆ ಒಂದು ತೂಕವಿರುತ್ತದೆ. ಫಲಕದಣ್ಣನಿಗೆ ಆ ತೂಕ ಹಿಡಿಸಲಿಲ್ಲ. ಕೈಚಾಚಿ ಒಂದು ಬಾಟಲಿಯ ಮುಚ್ಚಳಕ್ಕೆ ಕೈಹಾಕಿದ. ಲ್ಯಾಬಕ್ಕ ಅವನ ಮಣಿಕಟ್ಟು ಹಿಡಿದಳು. ಹಿಡಿದವಳು ಹಲಗೆಯನ್ನೇ ನೋಡುತ್ತ ನಿಂತಳು.

"ಎಷ್ಟು ಬಾಟಲಿ ಇದ್ದವು?"

"ನಾಲ್ಕು. ಮೂರು ನನ್ನವು, ಒಂದು ಅಮ್ಮನ ವಿನೆಗರ್."

"ಇಲ್ಲಿ ಮೂರೇ ಇವೆ."

ಅಡುಗೆಮನೆಯಿಂದ ಮಣೆಯ ಮೇಲೆ ಚಾಕು ಟಕಟಕ ಬೀಳುವ ಸದ್ದು ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ಲ್ಯಾಬಕ್ಕ ಕೂಗಲಿಲ್ಲ. ನಾಲ್ಕು ಹೆಜ್ಜೆಯಲ್ಲಿ ಅಡುಗೆಮನೆ ಸೇರಿದಳು. ಅಮ್ಮನ ಮುಂದೆ ಹೆಚ್ಚಿದ ಸೌತೆಕಾಯಿಯ ಬಟ್ಟಲು, ಪಕ್ಕದಲ್ಲಿ ನಾಲ್ಕನೆಯ ಬಾಟಲಿ. ಮುಚ್ಚಳ ತೆಗೆದಿತ್ತು. ಅಮ್ಮನ ಕೈಯಲ್ಲಿ ಒಂದು ಚೂರು ಸೌತೆಕಾಯಿ ಬಾಯಿಯ ಹತ್ತಿರ ಬಂದಿತ್ತು.

"ಅಮ್ಮ, ಅದನ್ನ ಬಟ್ಟಲಲ್ಲೇ ಹಾಕು."

"ಹುಳಿ ಸಾಕೋ ಬೇಕೋ ಅಂತ ನೋಡ್ತೀನಷ್ಟೇ. ನೆಗಡೀಲಿ ನಾಲಿಗೆಗೆ ರುಚಿನೇ ಇಲ್ಲ ಕಣೇ."

"ಬಟ್ಟಲಲ್ಲಿ ಹಾಕಮ್ಮ. ಹಾಕಿ ಕೈನ ನಲ್ಲಿ ಕೆಳಗೆ ಹಿಡಿ."

ಅಮ್ಮ ಮಗಳ ಮುಖ ನೋಡಿದಳು. ಏನು ಕಂಡಳೋ, ಚೂರನ್ನು ಬಟ್ಟಲಿಗೆ ಹಾಕಿದಳು. ಲ್ಯಾಬಕ್ಕ ನಲ್ಲಿ ಬಿಟ್ಟು ಅವಳ ಬೆರಳುಗಳನ್ನು ಹರಿಯುವ ನೀರಿನಲ್ಲಿ ಹಿಡಿದೇ ಇದ್ದಳು. ಬಾಗಿಲಲ್ಲಿ ನಿಂತ ಫಲಕದಣ್ಣ ಆ ನೀರಿನ ಸದ್ದನ್ನು ಕೇಳುತ್ತಿದ್ದ.

"ಸಾಕು ಬಿಡೇ, ಕೈಯೆಲ್ಲ ಮರಗಟ್ತು" ಎಂದಳು ಅಮ್ಮ.

"ಇಪ್ಪತ್ತು ನಿಮಿಷ, ಅಮ್ಮ. ಆಸಿಡ್ ತಾಗಿದೆ ಅಂತ ಅನುಮಾನ ಇದ್ರೂ ಇಪ್ಪತ್ತು ನಿಮಿಷ ಹರಿಯೋ ನೀರು. ಕಣ್ಣಿಗೆ ಸಿಡಿದ್ರೂ ಹಾಗೇ ನೀರು ಬಿಡ್ತಾ ಇರಬೇಕು, ಆಮೇಲೆ ಡಾಕ್ಟರ್ ಹತ್ರ ಓಡಬೇಕು."

"ಅಕಸ್ಮಾತ್ ಅವ್ರು ನುಂಗಿಬಿಟ್ಟಿದ್ರೆ?" ಹೆಂಡತಿ ಮೆಲ್ಲಗೆ ಕೇಳಿದಳು.

"ಬಾಯಿ ಮುಕ್ಕಳಿಸಿ ನೇರ ಆಸ್ಪತ್ರೆಗೆ, ಅತ್ತಿಗೆ. ವಾಂತಿ ಮಾತ್ರ ಮಾಡಿಸಬಾರದು. ಇಳಿಯುವಾಗ ಸುಟ್ಟಿದ್ದು ಹತ್ತುವಾಗ ಇನ್ನೊಂದ್ಸಲ ಸುಡತ್ತೆ. ಅಲ್ಲಿ ಡಾಕ್ಟರ್ ಮೊದಲು ಕೇಳೋದು, ಏನು ಕುಡಿದರು ಅಂತ. ನಾವೇನು ಹೇಳ್ತಿದ್ವಿ? ಕೆಂಪು ದಾರ ಅಂತಾನಾ?"

ಫಲಕದಣ್ಣ ಸೌತೆಕಾಯಿಯ ಬಟ್ಟಲಿಗೆ ಮುಚ್ಚಳ ಹಾಕಿ ಹಿತ್ತಿಲಿಗೆ ಒಯ್ದ.

ಊಟದಲ್ಲಿ ಅಂದು ಸೌತೆಕಾಯಿ ಇರಲಿಲ್ಲ. ಬಟ್ಟಲು ಮುಚ್ಚಳ ಹಾಕಿಕೊಂಡು ಹಿತ್ತಿಲಲ್ಲಿ ಒಂಟಿಯಾಗಿ ಕೂತಿತ್ತು. ನಾಲ್ಕೂ ಬಾಟಲಿಗಳನ್ನು ಲ್ಯಾಬಕ್ಕ ಬಿಗಿಯಾಗಿ ಮುಚ್ಚಿ, ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿದ್ದಳು. ನಾಳೆ ಲ್ಯಾಬಿನ ಮೇಷ್ಟ್ರ ಹತ್ತಿರ ಪರೀಕ್ಷೆ.

ಅರ್ಧ ಊಟವಾದ ಮೇಲೆ ಫಲಕದಣ್ಣನ ಗಂಟಲು ಬಿಚ್ಚಿತು. "ಎಲ್ಲಾ ಆಸಿಡ್ಡೇ ತಾನೇ? ಅದಕ್ಕೆ ಇಷ್ಟೊಂದು ಹೆಸರು ಯಾಕೆ?"

"ಎದುರುಗಡೆ ಮಹಡಿ ಮನೇಲಿ ಮೂರು ಜನ ಅಣ್ಣತಮ್ಮಂದಿರಿದ್ದಾರಲ್ಲ" ಎಂದಳು ಲ್ಯಾಬಕ್ಕ. "ಬರೀ ಮನೆತನದ ಹೆಸರಿನ ಫಲಕ ಸಾಕು ಅಂದಾಗ ನೀನೇನಂದೆ?"

"ಆಗಲ್ಲ ಅಂದೆ. ಅಂಚೆಯವನು ದೊಡ್ಡವನ ಕಾಗದಾನ ಚಿಕ್ಕವನಿಗೆ ಕೊಟ್ಟು ಮನೇಲಿ ಜಗಳ ಹತ್ತಿರಲಿಲ್ವಾ. ಒಬ್ಬೊಬ್ಬರ ಹೆಸರೂ ಬೇಕು ಅಂತ ಪಟ್ಟು ಹಿಡಿದೆ."

"ಆಸಿಡ್, ಆಮ್ಲ ಅನ್ನೋದು ಮನೆತನದ ಹೆಸರು, ಅಣ್ಣ. ಹುಳಿ ಅವರ ವಂಶದ ಗುಣ. ಎಲ್ಲರಲ್ಲೂ ಹೈಡ್ರೋಜನ್ ಇರತ್ತೆ. ನೀಲಿ ಲಿಟ್ಮಸ್ ಕಾಗದ ಅದ್ದಿದ್ರೆ ಎಲ್ಲರೂ ಕೆಂಪು ಮಾಡ್ತಾರೆ. ಹೋಲಿಕೆ ಅಲ್ಲಿಗೆ ಮುಗೀತು. ಒಬ್ಬ ಅಡುಗೆಮನೇಲಿ ಇರೋನು, ಇನ್ನೊಬ್ಬ ಪಿತ್ತಳೆ ತಿನ್ನೋನು."

ಅಮ್ಮ ತನ್ನ ತಟ್ಟೆಯನ್ನೇ ಅನುಮಾನದಿಂದ ನೋಡಿದಳು. "ಹಾಗಾದ್ರೆ ನಿಂಬೆಹಣ್ಣೂ ಆಸಿಡ್ಡೇನೇ?"

"ಹೂಂ. ನಿಂಬೆಹಣ್ಣಲ್ಲಿ ಸಿಟ್ರಿಕ್ ಆಮ್ಲ, ಮೊಸರಲ್ಲಿ ಲ್ಯಾಕ್ಟಿಕ್, ವಿನೆಗರಲ್ಲಿ ಅಸಿಟಿಕ್. ಹಣ್ಣು, ಹಾಲು, ಹುಳಿ ಬರಿಸಿದ್ದು, ಹೀಗೆ ಜೀವ ಇರೋದ್ರಿಂದ ಬಂದವು. ಸಾವಯವ ಆಮ್ಲ ಅಂತಾರೆ. ಹೆಚ್ಚಿನವು ದುರ್ಬಲ. ಅಣ್ಣನ ಮೂರು ಬಾಟಲೀಲಿ ಇರೋದು ಇನ್ನೊಂದು ಕವಲು, ಖನಿಜ ಆಮ್ಲಗಳು. ಆ ಮೂರೂ ಪ್ರಬಲ."

"ನಾನು ನೀರು ಬೆರೆಸಿರ್ತೀನಲ್ಲ" ಎಂದ ಫಲಕದಣ್ಣ. "ನೀರು ಹಾಕಿದ್ರೆ ದುರ್ಬಲ ಆಗಲ್ವಾ?"

"ತೆಳು ಆಗತ್ತೆ, ದುರ್ಬಲ ಆಗಲ್ಲ. ಪ್ರಬಲ ಅನ್ನೋದು ಹುಟ್ಟುಗುಣ. ಸಿಟ್ಟಿನ ಮನುಷ್ಯನ್ನ ನಾಲ್ಕು ಮಾರು ದೂರ ಕೂರಿಸಿದ್ರೆ ನಮಗೆ ಸ್ವಲ್ಪ ನೆಮ್ಮದಿ, ಆದ್ರೆ ಅವನು ಸಿಟ್ಟಿನವನೇ. ಅದಕ್ಕೇ ಚೀಟೀಲಿ ಎರಡೂ ಬೇಕು: ಯಾವ ಆಮ್ಲ, ಎಷ್ಟು ನೀರು."

"ನಿಮ್ಮಣ್ಣನ್ನ ನೋಡಿನೇ ಹೇಳಿದ ಹಾಗಿದೆ" ಎಂದಳು ಹೆಂಡತಿ, ಗಂಡನಿಗೆ ಅನ್ನ ಬಡಿಸುತ್ತ.

ಫಲಕದಣ್ಣನಿಗೂ ನಗು ಬಂತು. ಹೆಸರಿನ ಮಾತು ಬಂದರೆ ಅವನಿಗೆ ಒಳಗೊಳಗೇ ಆಸೆ. "ಸರಿ, ಆ ಮೂವರ ಹೆಸರು ಯಾರಿಟ್ಟರು? ಲೆಕ್ಕಾಚಾರ ಏನಾದ್ರೂ ಇದೆಯೋ, ಬಾಯಿಗೆ ಬಂದಿದ್ದೋ?"

"ಇದೆ. ಬಚ್ಚಲಿಗೆ ಹಾಕ್ತೀಯಲ್ಲ, ಅದರಲ್ಲಿ ಹೈಡ್ರೋಜನ್ ಜೊತೆ ಇರೋದು ಕ್ಲೋರಿನ್ ಒಂದೇ. ಆಮ್ಲಜನಕ ಇಲ್ಲ. ಅಂಥವರ ಹೆಸರು ಹೈಡ್ರೋ ಅಂತ ಶುರುವಾಗತ್ತೆ. ಹೈಡ್ರೋಕ್ಲೋರಿಕ್ ಆಮ್ಲ."

"ನಿಲ್ಲು, ನಿಲ್ಲು. ಆಮ್ಲಜನಕ ಅಂದ್ರೆ ಆಮ್ಲಕ್ಕೆ ಜನಕ, ಅಪ್ಪ. ಅಪ್ಪನೇ ಇಲ್ದೆ ಮಗ ಹುಟ್ಟಿದ್ನಾ?"

ಲ್ಯಾಬಕ್ಕ ತುತ್ತು ಕೆಳಗಿಟ್ಟು ನಕ್ಕಳು. "ಒಳ್ಳೇ ಪ್ರಶ್ನೆ. ಹಿಂದಿನ ಕಾಲದೋರೂ ಎಲ್ಲಾ ಆಮ್ಲದಲ್ಲೂ ಅದು ಇರಲೇಬೇಕು ಅಂದ್ಕೊಂಡೇ ಆ ಹೆಸರಿಟ್ರು. ಆಮೇಲೆ ನೋಡಿದ್ರೆ ಈ ಮಹಾನುಭಾವನಲ್ಲಿ ಅದು ಇಲ್ಲವೇ ಇಲ್ಲ. ಬೇಕಾದ್ದು ಹೈಡ್ರೋಜನ್ ಅಂತ ಗೊತ್ತಾಗೋ ಹೊತ್ತಿಗೆ ಹೆಸರು ಅಂಟಿಬಿಟ್ಟಿತ್ತು."

"ನೋಡು, ತಪ್ಪು ಫಲಕ ಒಂದ್ಸಲ ಹೊಡೆದ್ರೆ ಕೀಳೋದು ಕಷ್ಟ" ಎಂದ ಫಲಕದಣ್ಣ ಅನುಭವದ ದನಿಯಲ್ಲಿ. "ಉಳಿದ ಇಬ್ಬರು?"

"ಅವರಲ್ಲಿ ಆಮ್ಲಜನಕ ಇದೆ. ಅದಿದ್ರೆ ಮುಂದಿನ ಹೈಡ್ರೋ ಇಲ್ಲ. ಗಂಧಕ ಸೇರಿದ್ರೆ ಸಲ್ಫ್ಯೂರಿಕ್ ಆಮ್ಲ, ತಗಡಿನ ಕಪ್ಪು ತೆಗೆಯೋದು. ನೈಟ್ರೋಜನ್ ಸೇರಿದ್ರೆ ನೈಟ್ರಿಕ್ ಆಮ್ಲ, ಪಿತ್ತಳೆ ತಿನ್ನೋದು. ಅದೇ ಮನೇಲಿ ಆಮ್ಲಜನಕ ಒಂದು ಪಾಲು ಕಮ್ಮಿ ಇರೋ ತಮ್ಮಂದಿರೂ ಇದ್ದಾರೆ. ಅವರಿಗೆ ಬಾಲ ಬೇರೆ. ಸಲ್ಫ್ಯೂರಿಕ್‌ಗೆ ತಮ್ಮ ಸಲ್ಫ್ಯೂರಸ್, ನೈಟ್ರಿಕ್‌ಗೆ ತಮ್ಮ ನೈಟ್ರಸ್. ಹೆಸರು ಓದಿದ್ರೆ ಸಾಕು, ಒಳಗೆ ಯಾರಿದ್ದಾರೆ ಅಂತ ಅರ್ಧ ಗೊತ್ತಾಗತ್ತೆ."

ಹೆಂಡತಿ ಸೌಟು ಹಿಡಿದು ನಿಂತೇ ಇದ್ದಳು. "ಬಚ್ಚಲು ಬೆಳ್ಳಗಾಗ್ಲಿ ಅಂತ ನಾನು ಒಂದೊಂದ್ಸಲ ಹಳದಿ ದಾರದ್ದಕ್ಕೆ ಬ್ಲೀಚಿಂಗ್ ಪೌಡರೂ ಸೇರಿಸ್ತೀನಲ್ಲೇ. ಆಮೇಲೆ ಅರ್ಧ ದಿನ ಕೆಮ್ಮು."

ಲ್ಯಾಬಕ್ಕ ಅತ್ತಿಗೆಯನ್ನು ನೋಡಿದಳು. "ಹೈಡ್ರೋಕ್ಲೋರಿಕ್ ಆಗಲಿ, ಬೇರೆ ಯಾವ ಆಮ್ಲ ಆಗಲಿ, ಬ್ಲೀಚಿಂಗ್ ಪೌಡರಿಗೆ ಸೇರಿದ್ರೆ ಕ್ಲೋರಿನ್ ಅನಿಲ ಬರತ್ತೆ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರನ್ನೇ ನಿಲ್ಲಿಸಬಹುದು. ಇನ್ಮೇಲೆ ಬೇಡ ಅತ್ತಿಗೆ, ಒಂದ್ಸಲಾನೂ ಬೇಡ."

"ಈ ಮನೇಲಿ ನಾವೆಲ್ಲ ಉಳಿದಿರೋದೇ ದೊಡ್ಡದು ಅನ್ನು" ಎಂದಳು ಅಮ್ಮ, ಮೂಗೊರೆಸಿಕೊಳ್ಳುತ್ತ.

ಸೋಮವಾರ ಸಂಜೆ ಲ್ಯಾಬಕ್ಕ ಒಂದು ಕಾಗದ ತಂದಳು. ಮೇಷ್ಟ್ರು ನಾಲ್ಕನ್ನೂ ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದರು. ಹಲಗೆಯ ಮೇಲಿದ್ದ ಮೂರರಲ್ಲಿ ಒಂದು ನೈಟ್ರಿಕ್, ಒಂದು ಹೈಡ್ರೋಕ್ಲೋರಿಕ್, ಇನ್ನೊಂದು ವಿನೆಗರ್. ಅಡುಗೆಮನೆಗೆ ಹೋಗಿದ್ದದ್ದು ಸಲ್ಫ್ಯೂರಿಕ್ ಆಮ್ಲ.

ಫಲಕದಣ್ಣ ಕಾಗದವನ್ನು ಎರಡು ಸಲ ಓದಿದ. ಮಡಿಸಿ ಜೇಬಿನಲ್ಲಿಟ್ಟುಕೊಂಡ. ಅಮ್ಮ ಹೊರಗಿನ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯಾಕೆಗೆ ನೆಗಡಿಯ ಕಥೆ ಹೇಳುತ್ತಿದ್ದಳು. ಅವನು ಹೋಗಿ ಅಮ್ಮನ ಪಕ್ಕದಲ್ಲಿ ಕೂತ.

"ಏನೋ?" ಎಂದಳು ಅಮ್ಮ.

"ಏನಿಲ್ಲ. ಸುಮ್ನೆ."

ಮಂಗಳವಾರ ಹೊಸ ನೈಟ್ರಿಕ್ ಆಮ್ಲ ಬಂತು, ಅಂಗಡಿಯ ಅಚ್ಚಾದ ಚೀಟಿಯ ಜೊತೆಗೆ. ಲ್ಯಾಬಕ್ಕ ರಜೆ ಹಾಕಿ ಬಂದಿದ್ದಳು. ಕಿಟಕಿಗಳು ತೆರೆದವು. ಫಲಕದಣ್ಣ ಕೈಗವಸು ಹಾಕಿಕೊಂಡು, ಕಣ್ಣಿಗೆ ಕನ್ನಡಕ ಏರಿಸಿ ಕನ್ನಡಿ ನೋಡಿದ. "ಕಪ್ಪೆ ಥರ ಕಾಣ್ತೀನಿ."

"ಕಪ್ಪೆಗೆ ಎರಡೂ ಕಣ್ಣು ಚೆನ್ನಾಗಿರುತ್ತೆ" ಎಂದಳು ಹೆಂಡತಿ.

ಅವನು ಅಭ್ಯಾಸದಂತೆ ಆಮ್ಲದ ಮೇಲೆ ನೀರು ಸುರಿಯಲು ಹೊರಟಾಗ ತಂಗಿ ತಡೆದಳು. ಮೊದಲು ನೀರು, ಆಮೇಲೆ ನಿಧಾನವಾಗಿ ಆಮ್ಲ. ತಿರುಗುಮುರುಗಾದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಅವಳು ಹೇಳಿದ ಹಾಗೆ ಅವನು ಮಾಡಿದ. ತಗಡು ಮುಳುಗಿತು. ಅಕ್ಷರಗಳ ಜಾಗದಲ್ಲಿ ಸಣ್ಣ ಗುಳ್ಳೆಗಳೆದ್ದವು. ಮೂವರೂ ಉಸಿರು ಬಿಗಿಹಿಡಿದು ದೂರದಿಂದ ನೋಡಿದರು. ತೊಳೆದು, ಮೇಣ ಒರೆಸಿದಾಗ ಎರಡು ಪದಗಳು ಅಂಚು ಮುಕ್ಕಾಗದೆ ಎದ್ದು ಬಂದಿದ್ದವು.

ಆ ಹುಮ್ಮಸ್ಸಿನಲ್ಲೇ ಫಲಕದಣ್ಣ ಉಳಿದ ಪಿತ್ತಳೆಯಲ್ಲಿ ಮೂರು ಪುಟಾಣಿ ಫಲಕ ಮಾಡಿದ. ನೈಟ್ರಿಕ್ ಆಮ್ಲ, ಸಲ್ಫ್ಯೂರಿಕ್ ಆಮ್ಲ, ಹೈಡ್ರೋಕ್ಲೋರಿಕ್ ಆಮ್ಲ. ಲ್ಯಾಬಕ್ಕ ತಂದುಕೊಟ್ಟ ದಪ್ಪ ಬಾಟಲಿಗಳ ಕೊರಳಿಗೆ ಸರಪಳಿ ಹಾಕಿ ತೂಗುಹಾಕಲು ಸಿದ್ಧನಾದ.

"ಚೆನ್ನಾಗಿವೆ" ಎಂದಳು ತಂಗಿ. "ಎಷ್ಟು ದಿನ ಇರತ್ತೆ?"

"ಪಿತ್ತಳೆ ಕಣೇ. ನೂರು ವರ್ಷ."

"ಯಾರ ಕೊರಳಲ್ಲಿ, ಅಣ್ಣ?"

ಫಲಕದಣ್ಣ ಕೈಯಲ್ಲಿದ್ದ ಫಲಕ ನೋಡಿದ, ನೈಟ್ರಿಕ್ ಆಮ್ಲದ ಬಾಟಲಿ ನೋಡಿದ. ಪಿತ್ತಳೆಯನ್ನು ತಿಂದು ಬದುಕುವವನ ಕೊರಳಿಗೇ ಪಿತ್ತಳೆ ಕಟ್ಟಲು ಹೊರಟಿದ್ದ. ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಹಾಗಾಗಿ ಆ ಸಂಜೆ ಫಲಕದಣ್ಣ ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ರಸ್ತೆ ದಾಟಿ ಎದುರಿನ ಪ್ಲಾಸ್ಟಿಕ್ ಬೋರ್ಡಿನ ಅಂಗಡಿಗೆ ಕಾಲಿಟ್ಟ. ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸಿ ಅಂಟಿಸುವ ಆ ಅಂಗಡಿಯವನನ್ನು ಅವನು ಈವರೆಗೆ ಕರೆದದ್ದು 'ಅಂಟಿನವನು' ಎಂದೇ.

"ಏನಣ್ಣ, ದಾರಿ ತಪ್ಪಿ ಬಂದ್ರಾ?" ಎಂದ ಅಂಗಡಿಯವನು.

"ನಾಲ್ಕು ಚೀಟಿ ಬೇಕು. ನೀರಿಗೆ, ಆವಿಗೆ ಅಳಿಸಬಾರದು."

"ನಿಮ್ಮ ಪಿತ್ತಳೆ ಏನಾಯ್ತು?"

"ಆಸಿಡ್ಡು..." ಎಂದು ಶುರುಮಾಡಿ ಫಲಕದಣ್ಣ ತಿದ್ದಿಕೊಂಡ. "ನೈಟ್ರಿಕ್ ಆಮ್ಲ ತಿನ್ನತ್ತೆ. ಬರ್ಕೊ. ಆಮ್ಲದ ಪೂರ್ತಿ ಹೆಸರು, ಎಷ್ಟಕ್ಕೆ ಎಷ್ಟು ನೀರು, ಬೆರೆಸಿದ ದಿನ. ಕೆಳಗೆ ಕೆಂಪಕ್ಷರದಲ್ಲಿ 'ಸುಡುತ್ತದೆ, ಕುಡಿಯಬಾರದು'. ಅಮ್ಮನ ವಿನೆಗರಿಗೆ ಬೇರೆ ಬಣ್ಣ, ಅದರಲ್ಲಿ 'ಅಡುಗೆಗೆ' ಅಂತ."

ಅಂಗಡಿಯವನು ಬರೆದುಕೊಳ್ಳುತ್ತಿದ್ದಾಗ ಫಲಕದಣ್ಣನ ಕಣ್ಣು ಮೇಜಿನ ಕೆಳಗೆ ಹೋಯಿತು. ಅಲ್ಲೊಂದು ತಂಪು ಪಾನೀಯದ ಬಾಟಲಿ ಇತ್ತು. ಹೊರಗೆ ಏನೂ ಬರೆದಿರಲಿಲ್ಲ.

"ಅದರಲ್ಲಿ ಏನಿದೆ?"

"ಅದಾ? ಆಸಿಡ್ಡು, ಮುಟ್ಬೇಡಿ."

"ಯಾವ ಆಸಿಡ್?"

ಅಂಗಡಿಯವನು ಬಾಟಲಿ ನೋಡಿದ, ಫಲಕದಣ್ಣನನ್ನು ನೋಡಿದ. ಕಂಪ್ಯೂಟರಿನ ಗುಂಯ್ ಸದ್ದೊಂದೇ ಕೇಳುತ್ತಿತ್ತು. ಆ ಮೌನ ಫಲಕದಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಸ್ಟೂಲು ಎಳೆದುಕೊಂಡು ಕೂತ.

"ಇನ್ನೊಂದು ಚೀಟಿ ಮಾಡು. ಐದಾಗ್ಲಿ."

"ಅದರಲ್ಲಿ ಏನ್ ಬರೀಲಿ?"

"'ಗೊತ್ತಿಲ್ಲ, ಮುಟ್ಟಬೇಡಿ' ಅಂತ ಬರಿ. ಈಗ್ಲೇ ಅಂಟಿಸು. ನಾಳೆ ನನ್ನ ತಂಗಿಯ ಲ್ಯಾಬಿಗೆ ಕಳಿಸೋಣ. ಮನೇಲಿ ಅಮ್ಮ ಇದ್ದಾರಾ?"

"ಇದ್ದಾರೆ, ಯಾಕೆ?"

"ಹಾಗಾದ್ರೆ ಕೂತ್ಕೋ, ಹೇಳ್ತೀನಿ."

ಬುಧವಾರ ಗ್ರಂಥಾಲಯ ತೆರೆಯಿತು. ಓದುವ ಕೋಣೆಯ ಬಾಗಿಲಲ್ಲಿ ಫಲಕದಣ್ಣನ ಪಿತ್ತಳೆ ಇಂದಿಗೂ ಹೊಳೆಯುತ್ತಿದೆ. ಜನ ಅದನ್ನು ಓದಿ ದನಿ ತಗ್ಗಿಸುತ್ತಾರೆ.

ಓದುವ ಕೋಣೆಯಲ್ಲಿ ಮೌನ ಚೆಂದ. ಬಾಟಲಿ ಮಾತ್ರ ಮೌನವಾಗಿರಬಾರದು. ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಓದಿ ಮುಗಿಸಿ ಒಮ್ಮೆ ಎದ್ದು ನಿಮ್ಮ ಮನೆಯ ಮೂಲೆಗಳನ್ನು ನೋಡಿ ಬನ್ನಿ. ಹೆಸರಿಲ್ಲದ ಬಾಟಲಿ ಸಿಕ್ಕರೆ ಮೂಸಬೇಡಿ, ರುಚಿ ನೋಡಬೇಡಿ, ಇನ್ನೊಂದಕ್ಕೆ ಬೆರೆಸಬೇಡಿ. 'ಗೊತ್ತಿಲ್ಲ' ಎಂದು ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಎತ್ತಿಟ್ಟು, ತಿಳಿದವರನ್ನು ಕೇಳಿ. ಹೆಸರು ಗೊತ್ತಿರುವ ಆಮ್ಲಕ್ಕೆ ಅದರ ಪೂರ್ತಿ ಹೆಸರು ಬರೆಯಿರಿ, ಕುಡಿಯುವ ಬಾಟಲಿಗೆ ಅದನ್ನು ಎಂದೂ ಸುರಿಯಬೇಡಿ. ಮನೆಯ ಬಾಗಿಲಿಗೆ ನಿಮ್ಮ ಹೆಸರು ಹಾಕಿಸಿದ್ದೀರಿ. ಒಳಗಿರುವ ಬಾಟಲಿಗೂ ಇವತ್ತೇ ಒಂದು ಹೆಸರು ಅಂಟಿಸಿ. ಮನೆಯಲ್ಲಿ ಅಮ್ಮ ಇದ್ದಾರೆ.